ನರ್ಸಿಂಗ್ ಬಿಟ್ಟು ಡಾಕ್ಟರ್ ಆಗಲಾ? ಕರೆ ಯಾವುದು, ಆಸೆ ಯಾವುದು?

ವಾಕ್ಯಭಾಗ: 1 ಕೊರಿಂಥದವರಿಗೆ 7:17-25

ಕೂತ್ಕೊಳ್ಳಿ. ಇವತ್ತು ನಾನು ಒಂದು ಫೋನ್ ಕಾಲ್ ಬಗ್ಗೆ ಮಾತಾಡ್ತೀನಿ. ಫೋನ್ ಮಾಡಿದವಳನ್ನ ಕೇಳಿಯೇ ಹೇಳ್ತಿದ್ದೀನಿ.

ನಮ್ಮೂರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ. ಬಂಡೆಗುಡ್ಡ, ಹಳೇ ಕೋಟೆ, ಕರಡಿ ಧಾಮ. ನಮ್ಮಕ್ಕನ ಮಗಳು ಇಲ್ಲೇ ಬೆಂಗಳೂರಲ್ಲಿ ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ ಓದ್ತಿದ್ದಾಳೆ. ಹೋದ ತಿಂಗಳು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದ್ಲು. "ಮಾವ, ನರ್ಸಿಂಗ್ ಬಿಟ್ಟು ನೀಟ್ ಬರೀಲಾ? ಪ್ರಾರ್ಥನೆ ಮಾಡಿ ದೇವರ ಚಿತ್ತ ಏನಂತ ಹೇಳು."

ಯಾಕಮ್ಮ, ಏನಾಯ್ತು ಅಂದೆ. ಅಳೋಕೆ ಶುರು ಮಾಡಿದ್ಲು. ವಾರ್ಡಲ್ಲಿ ಒಬ್ಬ ಅಜ್ಜನ ಉಸಿರಾಟ ಬದಲಾಗಿದ್ದನ್ನ ಇವಳು ನೋಡಿದ್ದಾಳೆ. ಎರಡು ಸಲ ಹೋಗಿ ಹೇಳಿದ್ದಾಳೆ. "ನೀನು ಸ್ಟೂಡೆಂಟು, ಸುಮ್ನಿರು" ಅಂದಿದ್ದಾರೆ. ಅದೇ ರಾತ್ರಿ ಆ ಅಜ್ಜನನ್ನ ಐಸಿಯುಗೆ ಒಯ್ಯಬೇಕಾಯ್ತು. "ನಾನು ಡಾಕ್ಟರ್ ಆಗಿದ್ರೆ ನನ್ನ ಮಾತು ಕೇಳ್ತಿದ್ರಲ್ಲ ಮಾವ" ಅಂದ್ಲು.

ಪ್ರಿಯರೇ, ಒಂದು ವಾರ ನಾನು ಅವಳಿಗೆ ಉತ್ತರ ಕೊಡಲಿಲ್ಲ. ಪ್ರಾರ್ಥನೆ ಮಾಡ್ತಿದ್ದೆ ಅಂತ ಹೇಳಬಹುದಿತ್ತು. ಆದರೆ ಮಂಡಿಯೂರಿದಾಗ ನನ್ನ ಮನಸ್ಸಲ್ಲಿ ಓಡ್ತಿದ್ದದ್ದು ಬೇರೆ. ಊರಿಗೆ ಹೋದಾಗ ಬಸ್‌ಸ್ಟ್ಯಾಂಡಲ್ಲಿ "ನಮ್ಮಕ್ಕನ ಮಗಳು ಡಾಕ್ಟರ್" ಅಂತ ಹೇಳೋದು ಹೇಗಿರುತ್ತೆ ಅಂತ ಯೋಚಿಸ್ತಿದ್ದೆ. ಅವಳ ಕರೆಯನ್ನ ಹುಡುಕೋಕೆ ಕೂತವನು ನನ್ನ ಮರ್ಯಾದೆಯನ್ನ ಹುಡುಕ್ತಿದ್ದೆ. ಕರ್ತನು ನನ್ನನ್ನ ಕ್ಷಮಿಸಲಿ.

ಸಭೆಯಾಗಿ ನಾವೂ ಸ್ವಲ್ಪ ನೋಡ್ಕೊಳ್ಳೋಣ. ಡಾಕ್ಟರ್ ಬಂದರೆ ಮುಂದಿನ ಸಾಲಲ್ಲಿ ಕುರ್ಚಿ ಹಾಕ್ತೀವಿ. ನೈಟ್ ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲಿ ಆರಾಧನೆಗೆ ಬಂದ ಸಿಸ್ಟರ್‌ಗೆ "ಯಾಕಮ್ಮ ಲೇಟು" ಅಂತೀವಿ. ಆಮೇಲೆ ಮಕ್ಕಳು ಡಾಕ್ಟರೇ ಆಗಬೇಕು ಅಂದರೆ ಅದು ಯಾರ ಧ್ವನಿ? ಪವಿತ್ರಾತ್ಮನದಾ, ನಮ್ಮದಾ?

ಈಗ ವಾಕ್ಯಕ್ಕೆ ಬನ್ನಿ. 1 ಕೊರಿಂಥದವರಿಗೆ 7:20ರಲ್ಲಿ ಪೌಲನು, ಕರೆಯಲ್ಪಟ್ಟಾಗ ನೀನು ಯಾವ ಸ್ಥಿತಿಯಲ್ಲಿದ್ದೆಯೋ ಅದರಲ್ಲೇ ಇರು ಅನ್ನೋ ಅರ್ಥದ ಮಾತು ಹೇಳ್ತಾನೆ. ನೋಡಿ, ವಾಕ್ಯ ಇದೆ, ನರ್ಸಿಂಗಲ್ಲೇ ಇರು ಅಂತ ಹೇಳಿಬಿಡಬಹುದು. ಆದರೆ ಮುಂದಿನ ವಚನ ಓದಿ. ದಾಸನಾಗಿದ್ದವನಿಗೆ ಬಿಡುಗಡೆ ಸಿಗೋದಾದರೆ ಅದನ್ನ ಉಪಯೋಗಿಸಿಕೋ ಅಂತಾನೆ. ಅಂದರೆ ಬದಲಾಗೋದು ಪಾಪ ಅಲ್ಲ, ಇದ್ದಲ್ಲೇ ಇರೋದು ಸೋಲೂ ಅಲ್ಲ. ಪೌಲನು ಹೇಳ್ತಿರೋದು ಇದು: ನಿನ್ನ ಬೆಲೆ ಆ ಸ್ಥಾನದಿಂದ ಬಂದದ್ದಲ್ಲ, ನಿನ್ನನ್ನ ಕ್ರಯಕ್ಕೆ ಕೊಂಡವನಿಂದ ಬಂದದ್ದು. ಬೆಲೆಯ ಪ್ರಶ್ನೆ ಶಿಲುಬೆಯಲ್ಲಿ ಮುಗಿದುಹೋಯ್ತು. ಆಮೆನ್? ಅದು ಮುಗಿದ ಮೇಲೇನೆ ಕೆಲಸದ ಪ್ರಶ್ನೆಯನ್ನ ಹಗುರವಾದ ಮನಸ್ಸಿಂದ ಕೇಳೋಕಾಗೋದು.

ಅದಕ್ಕೇ ನಾನು ಅವಳಿಗೆ ಮೊದಲು ಒಂದು ಪ್ರಶ್ನೆ ಕೇಳಿದೆ. ಕೊರಳಲ್ಲಿ ಸ್ಟೆತಸ್ಕೋಪ್ ಇದೆಯಾ, ಹೆಸರಿನ ಮುಂದೆ ಏನಿದೆ ಅನ್ನೋದು ಯಾರಿಗೂ ಗೊತ್ತಾಗದೇ ಹೋದರೆ, ರಾತ್ರಿ ಎರಡು ಗಂಟೆಗೆ ನಿನಗೆ ಯಾವ ಕೆಲಸ ಮಾಡೋಕೆ ಇಷ್ಟ? ಕಾಯಿಲೆ ಏನು ಅಂತ ಹುಡುಕಿ ತೀರ್ಮಾನ ಮಾಡೋದಾ? ಆ ಮನುಷ್ಯನ ಪಕ್ಕದಲ್ಲಿದ್ದು ಅವನನ್ನ ಬೆಳಗಿನವರೆಗೆ ದಾಟಿಸೋದಾ? ಎರಡೂ ಪವಿತ್ರವಾದ ಕೆಲಸವೇ. ಲೂಕನು ವೈದ್ಯನಾಗಿದ್ದ ಅಂತ ಕೊಲೊಸ್ಸೆಯವರಿಗೆ 4:14ರಲ್ಲಿದೆ. ಆದರೆ ಅದೇ ಲೂಕನು ಬರೆದಿಟ್ಟ ಒಳ್ಳೇ ಸಮಾರ್ಯದವನು ಮಾಡಿದ್ದೇನು? ಗಾಯ ತೊಳೆದ, ಕಟ್ಟಿದ, ಕರ್ಕೊಂಡು ಹೋದ, ರಾತ್ರಿ ನೋಡಿಕೊಂಡ. ಇವತ್ತಿನ ಮಾತಲ್ಲಿ ಹೇಳೋದಾದರೆ ಅದು ನರ್ಸಿಂಗ್. ವಿಮೋಚನಕಾಂಡ 1ರಲ್ಲಿ ಫರೋಹನ ಅಪ್ಪಣೆಯನ್ನ ಮೀರಿ ಮಕ್ಕಳನ್ನ ಉಳಿಸಿದವರು ಇಬ್ಬರು ಸೂಲಗಿತ್ತಿಯರು. ಆ ಫರೋಹನ ಹೆಸರು ಅಲ್ಲಿ ಇಲ್ಲ. ಶಿಪ್ರಾ, ಪೂಗಾ ಅಂತ ಇವರ ಹೆಸರಿದೆ.

ನಮ್ಮ ಕಡೆಯದೇ ಉದಾಹರಣೆ ತಗೊಳ್ಳಿ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ. ಸಾವಿರಾರು ಹೆರಿಗೆ ಮಾಡಿಸಿದ ತಾಯಿ, 2018ರಲ್ಲಿ ಪದ್ಮಶ್ರೀ ಬಂತು. ಅವರನ್ನ ಯಾರಾದರೂ "ಬರೀ ಸೂಲಗಿತ್ತಿ" ಅನ್ನೋಕಾಗುತ್ತಾ?

ಹಾಗಾದರೆ ಯಾರೂ ಬದಲಾಗಬಾರದಾ? ಅದೂ ಅಲ್ಲ. ಇಂಗ್ಲೆಂಡಲ್ಲಿ ಸಿಸಿಲಿ ಸಾಂಡರ್ಸ್ ಅಂತ ಒಬ್ಬ ಸಹೋದರಿ ಇದ್ದರು. ಎರಡನೇ ಮಹಾಯುದ್ಧದ ಸಮಯದಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಕಲಿತರು. ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಯ್ತು. ಆಸ್ಪತ್ರೆಯಲ್ಲೇ ಸಮಾಜಸೇವಕಿಯಾದರು. ಆ ವರ್ಷಗಳಲ್ಲೇ ಕ್ರಿಸ್ತನನ್ನ ನಂಬಿದರು. ಸಾಯ್ತಿರೋ ಕ್ಯಾನ್ಸರ್ ರೋಗಿಗಳು ನೋವಲ್ಲಿ ನರಳೋದು, ಇನ್ನೇನೂ ಮಾಡೋಕಾಗಲ್ಲ ಅಂತ ಡಾಕ್ಟರುಗಳು ದೂರ ಸರಿಯೋದು ನೋಡಿದರು. ಅವರ ಪರಿಚಯದ ಒಬ್ಬ ಸರ್ಜನ್, ಇವರಿಗೆ ನಿಜವಾಗಿ ಸಹಾಯ ಮಾಡಬೇಕಂದ್ರೆ ವೈದ್ಯಕೀಯ ಓದು ಅಂದರು. ಮೂವತ್ತು ದಾಟಿದ ಮೇಲೆ ಓದೋಕೆ ಕೂತು, 1957ರಲ್ಲಿ ಡಾಕ್ಟರ್ ಆದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದರು. ಗಮನಿಸಿ, ಅವರು ರೋಗಿಯ ಹಾಸಿಗೆ ಬಿಟ್ಟು ಮೇಲೆ ಹೋಗೋಕೆ ಡಾಕ್ಟರ್ ಆಗಲಿಲ್ಲ. ಅದೇ ಹಾಸಿಗೆಗೆ ಇನ್ನೂ ಹತ್ತಿರ ಬರೋಕೆ ಆದರು.

ವೆಲ್ಲೂರಿನ ಡಾಕ್ಟರ್ ಐಡಾ ಸ್ಕಡರ್ ಅವರನ್ನೂ ನೋಡಿ. ಒಂದೇ ರಾತ್ರಿ ಮೂವರು ಗರ್ಭಿಣಿಯರು ಮಹಿಳಾ ವೈದ್ಯರಿಲ್ಲದೆ ಸತ್ತದ್ದು ಅವರ ಕರೆಯಾಯ್ತು. ಡಾಕ್ಟರ್ ಆಗಿ ಬಂದವರು 1909ರಲ್ಲಿ ನರ್ಸಿಂಗ್ ಶಾಲೆ ತೆರೆದರು. ವೈದ್ಯಕೀಯ ಶಾಲೆ ಬಂದದ್ದು 1918ರಲ್ಲಿ.

ಇನ್ನು ಲೂಕ 14:28. ಗೋಪುರ ಕಟ್ಟೋನು ಮೊದಲು ಕೂತು ಲೆಕ್ಕ ಹಾಕಬೇಕು. ಲೆಕ್ಕ ಹಾಕೋದು ಅವಿಶ್ವಾಸ ಅಲ್ಲ, ಯೇಸುವೇ ಹೇಳಿದ್ದು. ನಾವಿಬ್ಬರೂ ಪೆನ್ನು ಹಿಡಿದು ಕೂತ್ವಿ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ನರ್ಸಿಂಗ್ ಓದಿದ ವರ್ಷಗಳು ಅದರಲ್ಲಿ ಕಳೆಯೋದಿಲ್ಲ, ಮೊದಲಿಂದಲೇ ಶುರು. ನೀಟ್ 720 ಅಂಕದಲ್ಲಿ 360 ಬಯಾಲಜಿ, ಅದು ಅವಳಿಗೆ ರೂಢಿ. ಉಳಿದರ್ಧ ಫಿಸಿಕ್ಸ್, ಕೆಮಿಸ್ಟ್ರಿ. ಪಿಯುಸಿ ಆದ ಮೇಲೆ ಆ ಪುಸ್ತಕ ಮುಟ್ಟಿಲ್ಲ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಮೀಸಲಾತಿ ಇದೆ, ಬಳ್ಳಾರಿಯಲ್ಲಿ ಮೆಡಿಕಲ್ ಕಾಲೇಜ್ ಇದೆ. ಆದರೆ ಸೀಟು ಗ್ಯಾರಂಟಿ ಇಲ್ಲ. ಅವಳಪ್ಪ ಶೇಂಗಾ ಬೆಳೆಯೋ ರೈತ, ಫೀಸಿಗೆ ಸಾಲ ಮಾಡಿದ್ದಾನೆ. ಅವಳ ತಮ್ಮ ಪಿಯುಸಿಯಲ್ಲಿದ್ದಾನೆ. ನಿನ್ನ ಕರೆಯ ಖರ್ಚನ್ನ ಇನ್ನೊಬ್ಬರ ತಲೆ ಮೇಲೆ ಹಾಕೋ ಮುಂಚೆ ಅವರನ್ನ ಕೇಳಿದ್ಯಾ ಅಂದೆ. ಸುಮ್ಮನಾದ್ಲು. ಕೇಳಿರಲಿಲ್ಲ.

ಆಮೇಲೆ ಇನ್ನೊಂದು ಹೇಳಿದ್ಲು. ಪ್ರಾರ್ಥನಾ ಕೂಟದಲ್ಲಿ ಯಾರೋ "ನೀನು ಬಿಳಿ ಕೋಟು ಹಾಕ್ಕೊಂಡಿರೋದನ್ನ ಕರ್ತನು ತೋರಿಸಿದ" ಅಂದಿದ್ದಾರೆ. ನಾವು ಪ್ರವಾದನೆ ನಂಬೋ ಜನ. ಅದನ್ನ ಹೀನೈಸಬಾರದು, ಆದರೆ ಎಲ್ಲವನ್ನೂ ಪರೀಕ್ಷಿಸಬೇಕು ಅಂತ 1 ಥೆಸಲೊನೀಕದವರಿಗೆ 5:20-21 ಕಲಿಸುತ್ತೆ. ಒಬ್ಬ ಹುಡುಗಿಯ ಎಂಟು ವರ್ಷದ ಬದುಕು, ಅಪ್ಪನ ಸಾಲ ಇದರ ಮೇಲೆ ನಿಂತಿರೋವಾಗ ನಾಲಿಗೆಗೆ ಭಯ ಇರಲಿ. ಗಿದ್ಯೋನನ ಉಣ್ಣೆಯ ಹಾಗೆ ನೀಟ್ ರ‍್ಯಾಂಕನ್ನೂ ಇಡಬೇಡಿ. ಸೀಟು ಸಿಕ್ಕಿದ ಮಾತ್ರಕ್ಕೆ ದೇವರು ಹೂಂ ಅಂದಂಗಲ್ಲ, ಫೇಲಾದ ಮಾತ್ರಕ್ಕೆ ಬೇಡ ಅಂದಂಗೂ ಅಲ್ಲ.

ಕೊನೆಗೆ "ಮಾವ, ನೀನೇನಂತೀಯ" ಅಂದ್ಲು. 25ನೇ ವಚನದಲ್ಲಿ ಪೌಲನೇ, ಇದಕ್ಕೆ ಕರ್ತನ ಅಪ್ಪಣೆ ನನ್ನಲ್ಲಿಲ್ಲ, ನನ್ನ ಅಭಿಪ್ರಾಯ ಹೇಳ್ತೀನಿ ಅನ್ನೋ ಹಾಗೆ ಮಾತಾಡ್ತಾನೆ. ಅಪೊಸ್ತಲನೇ ಅಷ್ಟು ಜಾಗ್ರತೆ ಮಾಡಿದ ಮೇಲೆ ನಾನ್ಯಾರು? ನನ್ನದು ಅಭಿಪ್ರಾಯ ಅಷ್ಟೇ ಅಂತ ಹೇಳಿದೆ. ನಮ್ಮೂರನ್ನ ಒನಕೆ ಓಬವ್ವನ ತವರು ಅಂತಾರೆ. ಅವಳು ಕತ್ತಿ ಸಿಗಲಿ ಅಂತ ಕಾಯಲಿಲ್ಲ, ಕೈಗೆ ಸಿಕ್ಕ ಒನಕೆ ಹಿಡಿದಳು. ಮೋಶೆಗೂ ದೇವರು ಕೇಳಿದ್ದು ಕೈಯಲ್ಲಿರೋದರ ಬಗ್ಗೆನೇ. ನಿನ್ನ ಕೈಯಲ್ಲಿ ಈಗ ನರ್ಸಿಂಗ್ ಇದೆ. ಅದನ್ನ ಮುಗಿಸು. ಸಾಲ ಸ್ವಲ್ಪ ತೀರಲಿ. ಆಗಲೂ ತೀರ್ಮಾನ ಮಾಡೋ ಹಸಿವು ಹಾಗೇ ಇದ್ದರೆ ನೀಟ್ ಬರಿ. ಈಗ ಅದಕ್ಕೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಆಗ ತಡವಾಗುತ್ತೆ, ಫಿಸಿಕ್ಸ್ ಇನ್ನೂ ಮರೆತಿರುತ್ತೆ, ಅದು ನಿಜವಾದ ನಷ್ಟ. ನಾನದನ್ನ ಮುಚ್ಚಿಡಲ್ಲ. ಆದರೆ ಅವಮಾನದಿಂದ ಓಡಿಹೋಗೋ ತೀರ್ಮಾನ ಬೇಡ. ಡಾಕ್ಟರ್ ಆದ ಮೇಲೂ ನಿನಗಿಂತ ದೊಡ್ಡವರು "ಸುಮ್ನಿರು" ಅಂತಾರೆ.

ಮತ್ತೆ ಹೇಳಿದೆ: ಆ ಅಜ್ಜನ ವಿಷಯದಲ್ಲಿ ನೀನು ಎರಡು ಸಲ ಹೇಳಿದೆ. ಮೂರನೇ ಸಲ ಹೇಳೋದು ಕಲಿ. ಚಾರ್ಟಲ್ಲಿ ಬರೆ, ಇನ್‌ಚಾರ್ಜ್ ಸಿಸ್ಟರನ್ನ ಕರಿ. ಅದಕ್ಕೆ ಪದವಿ ಬೇಡ, ಧೈರ್ಯ ಬೇಕು. ಆ ಧೈರ್ಯ ಪವಿತ್ರಾತ್ಮನು ಕೊಡ್ತಾನೆ.

ಅವಳಿನ್ನೂ ತೀರ್ಮಾನ ಮಾಡಿಲ್ಲ. ಹೋದ ಭಾನುವಾರ ಅಪ್ಪನ ಹತ್ರ ಮಾತಾಡಿದ್ಲಂತೆ. ಅದೇ ಮೊದಲ ಉತ್ತರ ಅಂತ ನಾನು ಕರ್ತನಿಗೆ ಸ್ತೋತ್ರ ಹೇಳಿದೆ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ತಂದೆಯೇ, ಜ್ಞಾನ ಕೇಳೋರಿಗೆ ಹಂಗಿಸದೆ ಕೊಡೋ ದೇವರು ನೀನು. ಇಲ್ಲಿ ಕವಲುದಾರಿಯಲ್ಲಿ ನಿಂತಿರೋ ಪ್ರತಿ ಮಗ, ಪ್ರತಿ ಮಗಳನ್ನ ನಡೆಸು. ಹೆಸರಿನ ಆಸೆಯಿಂದ ಬಿಡಿಸು. ನಮ್ಮ ಕೈಗೆ ಒಪ್ಪಿಸಿದ ರೋಗಿಯನ್ನ ಮರೆಯದ ಹಾಗೆ ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.