ಅನ್ನ ಕಾಯೋರು ಯಾರು?

ರೈಸ್ ಕುಕ್ಕರ್ ಬೇಕಾ ಬೇಡ್ವಾ ಅನ್ನೋ ಮಾತು ಬಂದರೆ ಬೆಂಗಳೂರಿನ ನಮ್ಮಂಥವರು ಲೆಕ್ಕ ಹಾಕೋದು ಎರಡನ್ನೇ: ರುಚಿ ಮತ್ತು ಜಾಗ. ಪ್ರೆಶರ್ ಕುಕ್ಕರಿನಲ್ಲಿ ಮೂರು ಸೀಟಿಗೆ ಅನ್ನ ಆಗುವಾಗ ಕಟ್ಟೆ ಮೇಲೆ ಇನ್ನೊಂದು ಡಬ್ಬ ಯಾಕೆ? ಇಬ್ಬರೇ ಇರುವ ಮನೆಗೆ ನಾನೂ ಬೇಡ ಅಂತಲೇ ಹೇಳ್ತೇನೆ.

ನಮ್ಮೂರು ತುಮರಿಯಲ್ಲಿ ಪ್ರಶ್ನೆ ಬೇರೆ. ಅಮ್ಮ ಅನ್ನ ಬಸಿಯುತ್ತಾಳೆ. ಕಟ್ಟಿಗೆ ಒಲೆ ಮೇಲೆ ಎಸರಿಟ್ಟು, ಅಕ್ಕಿ ಹಾಕಿ, ಉಕ್ಕದಂತೆ ನೋಡಿಕೊಂಡು, ಅಗುಳು ಹಿಚುಕಿ ನೋಡಿ, ಸರಿಯಾದ ಗಳಿಗೆಯಲ್ಲಿ ಗಂಜಿ ಬಸಿಯಬೇಕು. ಸ್ವಲ್ಪ ತಡವಾದರೂ ಮುದ್ದೆ. ಕೈಗೆ ಕೆಲಸ ಐದೇ ನಿಮಿಷ. ಆದರೆ ಅರ್ಧ ಗಂಟೆ ಅಡುಗೆಮನೆ ಬಿಟ್ಟು ಹೋಗೋ ಹಾಗಿಲ್ಲ. ಕುಕ್ಕರ್ ತಪ್ಪಿಸೋದು ಈ ಕಾವಲನ್ನು. ನೀರು ಇರುವಷ್ಟು ಹೊತ್ತು ಪಾತ್ರೆಯ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತೆ. ಅಕ್ಕಿ ನೀರನ್ನೆಲ್ಲ ಹೀರಿದ ಮೇಲೆ ಏರುತ್ತೆ, ಸ್ವಿಚ್ಚು ಬೀಳುತ್ತೆ. ನಮ್ಮ ಕಸುಬಿನ ಭಾಷೆಯಲ್ಲಿ ಒಂದೇ ಒಂದು ಇಫ್ ಕಂಡಿಷನ್. 1955ರಲ್ಲಿ ಜಪಾನಿನ ತೊಷಿಬಾ ಮಾರಾಟಕ್ಕಿಟ್ಟ ಸ್ವಯಂಚಾಲಿತ ಕುಕ್ಕರಿಗಾಗಿ ಮತ್ತೆ ಮತ್ತೆ ಅನ್ನ ಮಾಡಿ ಪರೀಕ್ಷಿಸಿದವರು ಅದನ್ನು ರೂಪಿಸಿದ ಯೊಷಿತಾದ ಮಿನಾಮಿಯವರ ಹೆಂಡತಿ ಫುಮಿಕೊ. ಕಾವಲಿನ ಕಷ್ಟ ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು!

ರಜೆಗೆ ಹೋದಾಗ "ಒಲೆ ಮೇಲಿನ ಅನ್ನದ ರುಚಿ ಕುಕ್ಕರಿಗೆ ಬರಲ್ಲ" ಅಂತ ನಾವು ಹೇಳೋದುಂಟು. ನಿಜವೇ ಇರಬಹುದು. ಆದರೆ ಹೇಳುವವರು ಉಣ್ಣೋಕೆ ಕೂತವರು. ನಮ್ಮ ನಾಲ್ಕು ದಿನದ ರುಚಿಗೋಸ್ಕರ ಇನ್ನೊಬ್ಬರು ವರ್ಷವಿಡೀ ಹೊಗೆ ಕುಡಿಯಬೇಕು ಅನ್ನೋದು ಯಾವ ಸೀಮೆ ಪ್ರೀತಿ?

ಕರೆಂಟಿನ ವಿಷಯಕ್ಕೆ ಬಂದರೆ, 700 ವ್ಯಾಟಿನ ಕುಕ್ಕರ್ ಅರ್ಧ ಗಂಟೆಗೆ ತಿನ್ನೋದು ಸುಮಾರು ಮೂರನೇ ಒಂದು ಯೂನಿಟ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ಆ ನೀರಿಂದಲೇ 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೆಯುತ್ತೆ. ಹಿನ್ನೀರಿನ ಆಚೆ ಉಳಿದ ನಮಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಊರುಗಳನ್ನೇ ಕೊಟ್ಟು ಪಡೆದ ಕರೆಂಟಿನಲ್ಲಿ ಅರ್ಧ ಸೇರು ಅಕ್ಕಿ ಬೇಯಿಸಿಕೊಂಡರೆ ಅದನ್ನು ಷೋಕಿ ಅನ್ನೋಕೆ ನನಗೆ ನಾಲಿಗೆ ಏಳಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಮತ್ತೆ ಒಲೆಯೇ ಗತಿ, ಅದು ಬೇರೆ ಮಾತು.

ಅಮ್ಮನ ತಕರಾರು ಮಾತ್ರ ಇದ್ಯಾವುದೂ ಅಲ್ಲ. "ದನಕ್ಕೆ ಗಂಜಿನೀರು ಎಲ್ಲಿಂದ ತರ್ಲಿ?" ಅಂತಾಳೆ. ಕುಕ್ಕರಿನಲ್ಲಿ ಬಸಿಯೋಕೆ ಏನೂ ಉಳಿಯಲ್ಲ. ನನ್ನ ಹತ್ತಿರ ಉತ್ತರವೂ ಇಲ್ಲ. ಕೊನೆಗೆ ರಾತ್ರಿ ಅನ್ನಕ್ಕೆ ಮಾತ್ರ ಕುಕ್ಕರ್ ಆಗಬಹುದು ಅಂದಳು. ಮಧ್ಯಾಹ್ನದ್ದು ಬಸಿಯೋದೇ, ಕೊಟ್ಟಿಗೇಲಿ ದನ ಇರೋವರೆಗೆ.