ಇದು ದೇವರ ದನಿಯೋ, ನನ್ನ ಭಯವೋ?



ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ನಮ್ಮ ಯುವಜನರ ಕೂಟದಲ್ಲಿ ಒಂದೇ ಪ್ರಶ್ನೆ ಹಲವು ರೂಪದಲ್ಲಿ ಕೇಳಿಬರುತ್ತದೆ. ಹೊಸೂರಿನ ಕಾರ್ಖಾನೆಯಲ್ಲಿ ಸಿಕ್ಕ ಕೆಲಸಕ್ಕೆ ಸೇರುವುದೋ, ಬಿ.ಎಡ್. ಓದುವುದೋ? ಮನೆಯವರು ನೋಡಿದ ಸಂಬಂಧಕ್ಕೆ ಒಪ್ಪುವುದೋ, ಬೇಡವೋ? ಕನ್ಯಾಮಠಕ್ಕೆ ಸೇರುವ ಆಸೆ ನಿಜವಾದ ಕರೆಯೋ? "ಅಕ್ಕ, ಒಳಗಿನಿಂದ ಏನೋ ಹೇಳ್ತಾ ಇದೆ. ಅದು ದೇವರ ದನಿಯೋ ನನ್ನ ಭಯವೋ, ಹೇಗೆ ಗೊತ್ತಾಗುತ್ತೆ?" ಎಂದು ತಂಗಿಯೊಬ್ಬಳು ಕೇಳಿದಳು. ಉತ್ತರಕ್ಕಾಗಿ ಕೆಲವರು ಮಾತೆ ಮರಿಯಮ್ಮನವರ ಮುಂದೆ ಚೀಟಿ ಇಟ್ಟು ಎತ್ತುತ್ತಾರೆ. ಕೆಲವರು ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಾಕ್ಯವನ್ನೇ ಅಪ್ಪಣೆ ಎಂದುಕೊಳ್ಳುತ್ತಾರೆ.

ಚೀಟಿ ಹಾಕುವುದು ಬೈಬಲಿನಲ್ಲೂ ಇದೆಯಲ್ಲ ಎನ್ನಬಹುದು. ನಿಜ, ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದು ಹಾಗೆಯೇ (ಪ್ರೇಷಿತರ ಕಾರ್ಯಕಲಾಪಗಳು 1:26). ಆದರೆ ಅದು ಪವಿತ್ರಾತ್ಮರು ಇಳಿದುಬರುವ ಮುಂಚಿನ ಮಾತು. ಆಮೇಲೆ ಆ ಗ್ರಂಥದಲ್ಲಿ ಪ್ರೇಷಿತರು ಎಲ್ಲಿಯೂ ಚೀಟಿ ಹಾಕಲಿಲ್ಲ. 15ನೇ ಅಧ್ಯಾಯದಲ್ಲಿ ದೊಡ್ಡ ಬಿಕ್ಕಟ್ಟು ಎದುರಾದಾಗ ಅವರು ಒಟ್ಟಿಗೆ ಕುಳಿತರು, ವಾದಿಸಿದರು, ಪೇತ್ರ, ಬಾರ್ನಬ, ಪೌಲರ ಅನುಭವ ಕೇಳಿದರು, ಧರ್ಮಗ್ರಂಥವನ್ನು ನೆನೆದರು. ಕೊನೆಗೆ ತಮ್ಮ ತೀರ್ಮಾನವನ್ನು ಪವಿತ್ರಾತ್ಮರ ತೀರ್ಮಾನವೂ ಹೌದು ಎಂದು ಧೈರ್ಯವಾಗಿ ಬರೆದು ಕಳುಹಿಸಿದರು. ಜ್ಞಾನಸ್ನಾನದಲ್ಲಿ, ದೃಢೀಕರಣದಲ್ಲಿ ಅದೇ ಆತ್ಮರನ್ನು ಪಡೆದವರು ನಾವು. ಒಳಗಿರುವವರನ್ನು ಕೇಳದೆ ಚೀಟಿಯನ್ನು ಕೇಳುವುದೇಕೆ?

ಹಾಗಾದರೆ ಮನಸ್ಸಿಗೆ ಬಂದದ್ದೆಲ್ಲ ದೇವರ ದನಿಯೇ? ಅಲ್ಲ. ಇಲ್ಲಿ ನಮಗೆ ದಾರಿ ತೋರಿಸುವವರು ಸಂತ ಇಗ್ನೇಷಿಯಸ್. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನ ಕೋಟೆಯ ಕಾದಾಟದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ. ಓದಲು ವೀರರ ಸಾಹಸಕಥೆ ಬೇಕೆಂದರು. ಮನೆಯಲ್ಲಿದ್ದದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಕಥೆಗಳು. ಮಲಗಿದಲ್ಲೇ ಎರಡು ಬಗೆಯ ಕನಸು ಕಾಣುತ್ತಿದ್ದರು. ಒಂದರಲ್ಲಿ ರಾಜಮನೆತನದ ಒಬ್ಬ ಮಹಿಳೆಗಾಗಿ ಪರಾಕ್ರಮ ಮೆರೆಯುವುದು. ಇನ್ನೊಂದರಲ್ಲಿ ಸಂತ ಫ್ರಾನ್ಸಿಸ್, ಸಂತ ದೊಮಿನಿಕರಂತೆ ಬದುಕುವುದು. ಕಾಣುವಾಗ ಎರಡೂ ಸಿಹಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ನೆಮ್ಮದಿ ಉಳಿಯುತ್ತಿತ್ತು. ಆ ವ್ಯತ್ಯಾಸ ಅವರ ಕಣ್ಣಿಗೆ ಬಿದ್ದ ದಿನವೇ ಅವರ ವಿವೇಚನೆಯ ಆರಂಭ.

ಅಂದರೆ ಆಲೋಚನೆ ಬಂದಾಗಿನ ರಭಸವನ್ನಲ್ಲ, ಹೋದ ಮೇಲೆ ಅದು ಬಿಟ್ಟುಹೋದದ್ದನ್ನು ನೋಡಬೇಕು. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪ್ರೀತಿ, ಆನಂದ, ಶಾಂತಿ, ಸಹನೆ ಎಂದು ಪಟ್ಟಿ ಮಾಡಿದ್ದು ಇಂಥ ಫಲಗಳನ್ನೇ.

ಒಮ್ಮೆ ನೋಡಿದರೆ ಸಾಲದು. ಬಿ.ಎಸ್ಸಿ. ಓದಿದವರಿಗೆ ಟೈಟ್ರೇಷನ್ ನೆನಪಿರುತ್ತದೆ. ಬಣ್ಣ ತಿರುಗಿತೆಂದು ಒಂದೇ ರೀಡಿಂಗ್ ಬರೆದುಕೊಂಡು ಹೋದರೆ ಮೇಡಂ ರೆಕಾರ್ಡಿಗೆ ಸಹಿ ಹಾಕುತ್ತಿರಲಿಲ್ಲ. ರೀಡಿಂಗ್‌ಗಳು ಒಂದಕ್ಕೊಂದು ತಾಳೆಯಾಗುವವರೆಗೆ ಮತ್ತೆ ಮತ್ತೆ ಮಾಡಬೇಕು. ಬಾಲಕ ಸಮುವೇಲನನ್ನೂ ದೇವರು ಒಂದೇ ಸಲ ಕರೆದು ಸುಮ್ಮನಾಗಲಿಲ್ಲ. ಮೂರು ಸಲ ಅವನು ಎದ್ದು ಏಲಿಯ ಬಳಿಗೆ ಓಡಿದ. ಕರೆಯುತ್ತಿರುವವರು ಯಾರೆಂದು ಆ ಮುದುಕ ಗುರು ತಿಳಿಸಿಕೊಟ್ಟ ಮೇಲೆ, ನಾಲ್ಕನೆಯ ಸಲ ಹುಡುಗ ಉತ್ತರಿಸಿದ. ಕರೆ ಬಂದದ್ದು ಸಮುವೇಲನಿಗೆ. ಅದನ್ನು ಗುರುತಿಸಲು ಏಲಿಯೂ ಬೇಕಾಯಿತು.

ಇಗ್ನೇಷಿಯಸರ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿರುವ ಎರಡು ಎಚ್ಚರಿಕೆಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಮೊದಲನೆಯದು: ಮನಸ್ಸು ಕತ್ತಲಾಗಿರುವಾಗ, ಪ್ರಾರ್ಥನೆ ರುಚಿಸದಿರುವಾಗ, ಹಿಂದೆ ಬೆಳಕಿನಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬೇಡಿ. ಇಂಟರ್‌ವ್ಯೂನಲ್ಲಿ ಸೋತ ರಾತ್ರಿ, ಮನೆಯಲ್ಲಿ ಜಗಳವಾದ ರಾತ್ರಿ ಓದು ಬಿಡುವ, ಊರು ಬಿಡುವ ತೀರ್ಮಾನ ಬೇಡ. ಬೆಳಗಾಗಲಿ, ಇನ್ನೂ ನಾಲ್ಕು ದಿನ ಕಳೆಯಲಿ.

ಎರಡನೆಯದು ಇನ್ನೂ ಮುಖ್ಯ. ಶತ್ರುವಿಗೆ ಗುಟ್ಟು ಬೇಕು ಎನ್ನುತ್ತಾರೆ ಅವರು. ಮನೆಯವರಿಗೆ ಹೇಳಬೇಡ, ಫಾದರ್‌ಗೆ ಹೇಳಬೇಡ, ಯಾರಿಗೂ ತಿಳಿಯಬಾರದು ಎಂದು ಒತ್ತಾಯಿಸುವ ದನಿಯ ಬಗ್ಗೆ ಎಚ್ಚರವಿರಲಿ. ಅದು ಪ್ರೇಮದ ಹೆಸರಿನಲ್ಲಿ ಬರಬಹುದು, ಬೇಗ ಹಣ ಮಾಡುವ ದಾರಿಯಾಗಿ ಬರಬಹುದು, ಇನ್ನು ಬದುಕಿ ಫಲವಿಲ್ಲ ಎಂಬ ಮಾತಾಗಿಯೂ ಬರಬಹುದು. ಯಾರಿಗೂ ಹೇಳಬೇಡ ಎಂದದ್ದನ್ನೇ ನಂಬಿಕಸ್ಥರೊಬ್ಬರಿಗೆ ಮೊದಲು ಹೇಳಿ. ಇಂದೇ ಹೇಳಿ. ಬಾಯಿಬಿಟ್ಟು ಹೇಳಿದಾಗ ಅದರ ಅರ್ಧ ಬಲ ಅಲ್ಲೇ ಇಳಿಯುತ್ತದೆ.

ದೇವರ ದನಿ ಕಿವಿಗೆ ಪರಿಚಯವಾಗಬೇಕು. ನಮ್ಮ ಧರ್ಮಕೇಂದ್ರದಲ್ಲಿ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ತಮಿಳು, ಕನ್ನಡ, ತೆಲುಗು ಎಲ್ಲ ಒಟ್ಟಿಗೆ ಗದ್ದಲವೆಬ್ಬಿಸುತ್ತವೆ. ಆ ಗದ್ದಲದಲ್ಲೂ ಅಮ್ಮ ಕೂಗಿದರೆ ಮಗು ತಿರುಗಿ ನೋಡುತ್ತದೆ. ದಿನವೂ ಕೇಳಿದ ದನಿ ಅದು. ಕುರಿಗಳು ಕುರಿಗಾಹಿಯ ದನಿಯನ್ನು ಬಲ್ಲವು ಎಂದು ಯೇಸುಸ್ವಾಮಿ ಹೇಳಿದ್ದರ ಅರ್ಥವೂ ಇದೇ (ಯೊವಾನ್ನ 10).

ಆದ್ದರಿಂದ ಈ ವಾರ ಒಂದು ಕೆಲಸ ಮಾಡೋಣ. ಮಲಗುವ ಮುನ್ನ ಹತ್ತು ನಿಮಿಷ, ಮೊಬೈಲ್ ದೂರವಿಟ್ಟು, ನಿಮ್ಮ ಮುಂದಿರುವ ಎರಡು ದಾರಿಗಳನ್ನು ಪ್ರಭುವಿನ ಮುಂದೆ ಇಡಿ. ಯಾವುದನ್ನು ನೆನೆದಾಗ ಏನು ಉಳಿಯಿತು ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ಎಂಟು ದಿನಗಳ ಸಾಲುಗಳನ್ನು ಒಟ್ಟಿಗೆ ಓದಿ, ನೀವು ನಂಬುವ ಒಬ್ಬ ಹಿರಿಯರಿಗೂ ತೋರಿಸಿ. ತಂದೆತಾಯಂದಿರಲ್ಲಿ ಒಂದು ವಿನಂತಿ: ಮಕ್ಕಳು ಬಂದು ಹೇಳಿದಾಗ ತಕ್ಷಣ ತೀರ್ಪು ಕೊಡದೆ, ಏಲಿಯಂತೆ ಕೇಳಿಸಿಕೊಳ್ಳಿ.

ಮರಿಯಮ್ಮನವರು ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಧ್ಯಾನಿಸಿದರು. ಆ ತಾಯಿಯ ತಾಳ್ಮೆಯನ್ನು ಪವಿತ್ರಾತ್ಮರು ನಮಗೂ ದಯಪಾಲಿಸಲಿ. ಆಮೆನ್.