ಸ್ಥೌಲ್ಯವೂ ನಿಂದೆಯೂ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ‘ಅಷ್ಟೌನಿಂದಿತೀಯ’ವೆಂಬ ಒಂದು ಅಧ್ಯಾಯವುಂಟು. ಅತಿದೀರ್ಘ, ಅತಿಹ್ರಸ್ವ, ಅತಿಲೋಮ, ಅಲೋಮ, ಅತಿಕೃಷ್ಣ, ಅತಿಗೌರ, ಅತಿಸ್ಥೂಲ, ಅತಿಕೃಶ ಎಂಬ ಎಂಟು ಬಗೆಯ ಶರೀರಿಗಳನ್ನು ಆಚಾರ್ಯನು ಅಲ್ಲಿ ನಿಂದಿತರೆಂದು ಎಣಿಸಿರುವನು. ಇವುಗಳಲ್ಲಿ ಆರನ್ನು ಹೆಸರಿಸಿ ಬಿಟ್ಟು, ಕಡೆಯ ಎರಡನ್ನು ಮಾತ್ರ ವಿಸ್ತಾರವಾಗಿ ವಿಚಾರಿಸಿರುವನು. ಆದರೂ ‘ನಿಂದಿತ’ವೆಂಬ ಮಾತು ಕಿವಿಗೆ ಕಠೋರವಾದುದು. ನೀಳವಾಗಿ ಹುಟ್ಟಿದವನೂ ಕಪ್ಪಾಗಿ ಹುಟ್ಟಿದವನೂ ಮಾಡಿದ ಅಪರಾಧವಾದರೂ ಏನು? ಕರ್ತೃತ್ವವಿಲ್ಲದೆಡೆಯಲ್ಲಿ ನಿಂದೆಗೆ ಎಡೆಯುಂಟೆ?

ಈ ಪ್ರಶ್ನೆಯು ಗ್ರಂಥದಲ್ಲಿಯೇ ಉಳಿದಿದ್ದರೆ ಪಂಡಿತರ ಚರ್ಚೆಗೆ ಬಿಡಬಹುದಾಗಿತ್ತು. ಆದರೆ ಇಂದು ಅನೇಕ ಗೃಹಸ್ಥರ ಮನೆಗಳಲ್ಲಿ, ಬೆಳೆದ ಹೆಣ್ಣುಮಕ್ಕಳ ವಿಷಯದಲ್ಲಿ, ಇದು ದಿನನಿತ್ಯವೂ ಏಳುತ್ತಿದೆ. ‘ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್’ ಎಂದು ವೈದ್ಯರು ಕರೆಯುವ ವ್ಯಾಧಿಯೊಂದುಂಟು. ೧೯೩೫ನೆಯ ಇಸವಿಯಲ್ಲಿ ಷಿಕಾಗೋ ನಗರದ ಸ್ಟೈನ್, ಲೆವೆಂಥಾಲ್ ಎಂಬಿಬ್ಬರು ವೈದ್ಯರು ಏಳು ಮಂದಿ ಸ್ತ್ರೀಯರ ವೃತ್ತಾಂತವನ್ನು ಪ್ರಕಟಿಸಿದಂದಿನಿಂದ ಇದು ವೈದ್ಯಲೋಕದಲ್ಲಿ ಪ್ರಸಿದ್ಧವಾಯಿತು. ಋತುಕ್ರಮವು ತಪ್ಪುವುದು, ಮುಖದ ಮೇಲೆ ಕೂದಲು ಮೂಡುವುದು, ಪಕ್ವವಾಗದೆ ನಿಂತ ಅಂಡಕೋಶಗಳಿಂದ ಅಂಡಾಶಯವು ತುಂಬಿರುವುದು, ಹಲವರಲ್ಲಿ ನಡುವಿನ ಸುತ್ತಲೂ ಮೇದಸ್ಸು ಬೆಳೆಯುವುದು, ಇವು ಇದರ ಲಕ್ಷಣಗಳು. ಪ್ರಸವಯೋಗ್ಯವಾದ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಇದುಂಟೆಂದೂ, ಅವರಲ್ಲಿ ನೂರಕ್ಕೆ ೭೦ರವರೆಗೆ ತಮಗೆ ರೋಗವಿರುವುದನ್ನೇ ಅರಿಯರೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅತಿಲೋಮವೂ ಅತಿಸ್ಥೌಲ್ಯವೂ ಒಂದೇ ದೇಹದಲ್ಲಿ ಕೂಡಿದ ಹೆಣ್ಣು ಎಂಟು ನಿಂದೆಗಳಲ್ಲಿ ಎರಡಕ್ಕೆ ಪಾತ್ರಳಾದಳಷ್ಟೆ! (ಇಷ್ಟರಿಂದಲೇ ಚರಕನಿಗೆ ಈ ವ್ಯಾಧಿಯು ತಿಳಿದಿತ್ತೆಂದು ಸಾಧಿಸಹೊರಡುವವರಿರಬಹುದು, ಆ ಸಾಹಸವು ಅನಾವಶ್ಯಕ.)

ಮೇದಸ್ಸು ಎಷ್ಟಿದೆಯೆಂಬುದಕ್ಕಿಂತ ಎಲ್ಲಿದೆಯೆಂಬುದು ಮುಖ್ಯವೆಂದು ತೋರಿಸಿದವರಲ್ಲಿ ಮಾರ್ಸೇಲ್ಸಿನ ಝಾಂ ವಾಗ್ ಎಂಬ ವೈದ್ಯನು ಮೊದಲಿಗನು. ಮೈಯ ಮೇಲ್ಭಾಗದಲ್ಲಿ ಕೊಬ್ಬು ಸೇರುವ ಪುರುಷಸದೃಶವಾದ ಸ್ಥೌಲ್ಯ, ನಿತಂಬ ಊರುಗಳಲ್ಲಿ ಸೇರುವ ಸ್ತ್ರೀಸದೃಶವಾದ ಸ್ಥೌಲ್ಯ ಎಂದು ಆತನು ೧೯೪೭ರಲ್ಲಿ ವಿಭಾಗಿಸಿದನು; ಮೊದಲನೆಯದಕ್ಕೂ ಮಧುಮೇಹಾದಿಗಳಿಗೂ ಇರುವ ನಂಟನ್ನು ೧೯೫೬ರಲ್ಲಿ ವಿವರಿಸಿದನು. ಪ್ರಕೃತ ವ್ಯಾಧಿಯಲ್ಲಿ ಅನೇಕವೇಳೆ ಕಾಣುವುದು ಮೊದಲನೆಯ ಬಗೆಯೇ. ಆದರೆ ಸಮಾನ ತೂಕದ ರೋಗಿಯನ್ನೂ ಅರೋಗಿಯನ್ನೂ ಹೋಲಿಸಿ ನೋಡಿದಾಗ, ಉದರದ ಒಳಗಣ ಮೇದಸ್ಸು ರೋಗಿಯಲ್ಲಿ ಅಧಿಕವೆಂದು ಕೆಲವು ಪರೀಕ್ಷೆಗಳೂ, ಭೇದವಿಲ್ಲವೆಂದು ಕೆಲವು ಪರೀಕ್ಷೆಗಳೂ ಹೇಳುತ್ತವೆ. ಆದುದರಿಂದ ಇದು ಇನ್ನೂ ನಿರ್ಣಯವಾಗದ ವಿಷಯವೆಂದೇ ಎಣಿಸತಕ್ಕದ್ದು.

ಕಾರಣವನ್ನು ವಿಚಾರಿಸಿದರೆ ತಾರ್ಕಿಕನಿಗೆ ಹಿತವಾದ ತೊಡಕೊಂದು ಎದುರಾಗುವುದು. ರಕ್ತದೊಳಗಣ ಸಕ್ಕರೆಯನ್ನು ಆಳುವ ಇನ್ಸುಲಿನ್ ರಸಕ್ಕೆ ದೇಹವು ಸರಿಯಾಗಿ ವಿಧೇಯವಾಗದಿದ್ದಾಗ ಆ ರಸವು ಹೆಚ್ಚುಹೆಚ್ಚಾಗಿ ಸ್ರವಿಸುತ್ತದೆ. ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಪ್ರೇರಿಸಿ ಆಂಡ್ರೋಜೆನ್ ಎಂಬ ಪುರುಷರಸವನ್ನು ಹೆಚ್ಚಿಸುತ್ತದೆ. ಈ ರಸವು ಮೇದಸ್ಸನ್ನು ಉದರದೆಡೆಗೆ ಸೆಳೆಯುವುದೆಂದು ತಜ್ಞರ ಮತ. ಉದರದ ಮೇದಸ್ಸು ಇನ್ಸುಲಿನ್ನಿನ ಅವಿಧೇಯತೆಯನ್ನು ಮತ್ತಷ್ಟು ಬಲಪಡಿಸುತ್ತದೆ. ಬೀಜದಿಂದ ವೃಕ್ಷವೋ ವೃಕ್ಷದಿಂದ ಬೀಜವೋ ಎಂಬಂತಾಯಿತು. ಇಂತಹ ಚಕ್ರದಲ್ಲಿ ‘ಇವಳು ತಿಂದು ಕೊಬ್ಬಿದಳು, ಅದರಿಂದ ಋತು ಕೆಟ್ಟಿತು’ ಎಂದು ಒಂದು ಕೊನೆಯನ್ನು ಮಾತ್ರ ಹಿಡಿದು ತೀರ್ಪು ಕೊಡುವವರು ಅನ್ವಯವ್ಯತಿರೇಕಗಳನ್ನು ಪರೀಕ್ಷಿಸಿದವರಲ್ಲ. ಸ್ಥೂಲಳಾಗಿದ್ದೂ ನಿರೋಗಿಯಾದವಳುಂಟು, ಕೃಶಳಾಗಿದ್ದೂ ಇದೇ ರೋಗದಿಂದ ನರಳುವವಳುಂಟು. ಎರಡು ಕಡೆಯಲ್ಲಿಯೂ ವ್ಯಭಿಚಾರ ಕಂಡಮೇಲೆ ಸ್ಥೌಲ್ಯವೇ ಇದರ ಏಕೈಕ ಕಾರಣವೆಂಬ ಹೇತು ನಿಲ್ಲಲಾರದು.

ಕಣ್ಣಳತೆಯನ್ನು ನಂಬುವುದೂ ಹಾಗೆಯೇ. ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ಎಂಬ ವೈದ್ಯರು ೨೦೦೪ರಲ್ಲಿ ತಮ್ಮಿಬ್ಬರ ದೇಹಗಳನ್ನೇ ಹೋಲಿಸಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚಕವು ಇಬ್ಬರದೂ ೨೨.೩, ಮೇದಸ್ಸಾದರೋ ಲಂಡನ್ನಿನವರಲ್ಲಿ ನೂರಕ್ಕೆ ೯.೧, ಪುಣೆಯವರಲ್ಲಿ ೨೧.೨. ಅವರು ಪುರುಷರೆಂಬುದು ನಿಜ. ಆದರೆ ಭಾರತೀಯ ದೇಹದ ಗುಟ್ಟು ಆ ಅಂಕಿಗಳಲ್ಲಿದೆ. ಹೆಣ್ಣು ನೋಡಲು ಬಂದು ‘ಸ್ವಲ್ಪ ದಪ್ಪ’ ಎಂದು ಎದ್ದುಹೋಗುವವರು ಏನನ್ನು ಕಂಡಂತಾಯಿತು? ಮುಂದಿನ ಮನೆಯಲ್ಲಿ ಅವರು ಮೆಚ್ಚಿದ ಸಪೂರದ ಹುಡುಗಿಯಲ್ಲಿಯೇ ವ್ಯಾಧಿಯು ಅಡಗಿರಬಹುದು. ತಿರಸ್ಕೃತಳಾದವಳಾದರೋ ನಾಲ್ಕು ಮಾತು ಕೇಳಿದಮೇಲೆ ವೈದ್ಯನ ಬಾಗಿಲಿಗೂ ಹೋಗಲು ನಾಚುವಳು. ಅಲ್ಲಿಯೂ ಅದೇ ಮಾತು ಕಾದಿರುವುದೆಂಬ ಅವಳ ಭಯವು ನಿರಾಧಾರವಲ್ಲ. ೨೦೨೩ರಲ್ಲಿ ಹೊರಟ ಅಂತಾರಾಷ್ಟ್ರೀಯ ಚಿಕಿತ್ಸಾಸೂತ್ರಗಳೇ ತೂಕದ ನಿಮಿತ್ತವಾಗಿ ರೋಗಿಗಳು ಪಡುವ ಅವಮಾನವನ್ನು ಹೆಸರಿಸಿ ವೈದ್ಯರನ್ನು ಎಚ್ಚರಿಸಿವೆ. ಹೀಗೆ ಕಳೆದುಹೋಗುವ ವರ್ಷಗಳಲ್ಲಿ ಮಧುಮೇಹವು ಸದ್ದಿಲ್ಲದೆ ಬೆಳೆಯಬಹುದು. ಗರ್ಭಾಶಯದ ಒಳಪೊರೆಯ ಅರ್ಬುದದ ಸಂಭವವೂ ಹೆಚ್ಚುವುದು.

‘ನಿಂದೆಯನ್ನು ಬಿಟ್ಟರೆ ಪ್ರಯತ್ನವೂ ಹೋಗುವುದು, ಬೈಯದಿದ್ದರೆ ಯಾರು ನಡೆದಾರು, ಯಾರು ಮಿತವಾಗಿ ಉಂಡಾರು?’ ಎಂದು ಹಿರಿಯರು ಆಕ್ಷೇಪಿಸುವರು. ಆಕ್ಷೇಪವು ಹಗುರವಾದುದಲ್ಲ. ತೂಕವು ನೂರಕ್ಕೆ ಐದರಷ್ಟು ಇಳಿದರೂ ಕೆಲವರಲ್ಲಿ ಋತುವು ಕ್ರಮಕ್ಕೆ ಬರುವುದನ್ನು ವೈದ್ಯರು ಕಂಡಿದ್ದಾರೆ. ಇಲ್ಲಿ ಮೀಮಾಂಸಕರ ನಹಿನಿಂದಾನ್ಯಾಯವು ನೆರವಿಗೆ ಬರುತ್ತದೆ. ಶಾಸ್ತ್ರದಲ್ಲಿ ನಿಂದಾವಾಕ್ಯವು ನಿಂದ್ಯವನ್ನು ಹಳಿಯುವುದಕ್ಕಾಗಿ ಪ್ರವೃತ್ತವಾದುದಲ್ಲ, ವಿಧೇಯವನ್ನು ಹೊಗಳುವುದಕ್ಕಾಗಿ ಎಂದು ಅದರ ತಾತ್ಪರ್ಯ. ಚರಕನ ನಿಂದೆಯನ್ನು ಹೀಗೆ ಓದಿದರೆ ಅದರ ಕಾಠಿನ್ಯವು ಕರಗುವುದು. ಏಕೆಂದರೆ ಆತನು ನಿಂದಿಸಿದ ಬೆನ್ನಿಗೇ ಆಹಾರ ವಿಹಾರಗಳನ್ನು ವಿಧಿಸಿರುವನು. ಸ್ಥೌಲ್ಯದ ಕಾರಣಗಳನ್ನು ಎಣಿಸುವಾಗ ಅತಿಭೋಜನ, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವಿಕೆಗಳೊಡನೆ ಬೀಜಸ್ವಭಾವವನ್ನೂ ಸೇರಿಸಿರುವನು. ಇನ್ನೂ ಒಂದು ಮಾತುಂಟು. ಮೇದಸ್ಸು ಮಾರ್ಗಗಳನ್ನು ತಡೆದಾಗ ವಾಯುವು ಕೋಷ್ಠದಲ್ಲಿ ಸಂಚರಿಸಿ ಜಠರಾಗ್ನಿಯನ್ನು ಉರಿಸುವುದರಿಂದಲೇ ಸ್ಥೂಲನಿಗೆ ಹಸಿವೆ ಹೆಚ್ಚುವುದೆಂದು ಆತನು ಹೇಳುವನು. ಆ ಶಾರೀರವಿವರಣೆಯನ್ನು ಇಂದು ಒಪ್ಪಬೇಕಾಗಿಲ್ಲ. ಆದರೆ ಇತರರು ಹೊಟ್ಟೆಬಾಕತನವೆಂದು ಕರೆದುದನ್ನು ಆತನು ರೋಗದ ಕಾರ್ಯವೆಂದು ಕರೆದನು.

ಮನೆಯವರ ನಿಂದೆಯ ಹಿಂದೆ ಯಾವ ವಿಧಿಯಿದೆ? ಅಣ್ಣನ ತಟ್ಟೆಗೆ ಎರಡನೆಯ ಸಾರಿ ತುಪ್ಪ ಬಡಿಸಿ, ತಂಗಿಯ ತಟ್ಟೆಯನ್ನು ಮಾತ್ರ ದುರುಗುಟ್ಟಿ ನೋಡುವುದು ಪಥ್ಯವೆನಿಸದು. ಸಂಜೆ ಒಬ್ಬಳೇ ನಡೆದುಬರಲು ಅಪ್ಪಣೆ ಕೊಡದೆ ‘ಮೈ ಬಗ್ಗಿಸುವುದಿಲ್ಲ’ ಎನ್ನುವುದು ವ್ಯಾಯಾಮೋಪದೇಶವಾಗದು. ಪಥ್ಯವಿದ್ದರೆ ಅದು ಮನೆಮಂದಿಗೆಲ್ಲ ಇರಲಿ. ಜೊತೆಗೆ ತಾಯಿಯೂ ನಡೆಯಲಿ. ಮಗಳನ್ನು ಕೇಳತಕ್ಕ ಮೊದಲ ಪ್ರಶ್ನೆಯೂ ನಡುವಿನ ಅಳತೆಯದಲ್ಲ. ಮೈನೆರೆದು ಮೂರು ವರ್ಷ ಕಳೆದಮೇಲೂ ಒಂದು ಋತುವಿಗೂ ಮತ್ತೊಂದಕ್ಕೂ ೩೫ ದಿನಗಳಿಗಿಂತ ಹೆಚ್ಚು ಅಂತರ ಬೀಳುತ್ತಿದ್ದರೆ, ಅಥವಾ ವರ್ಷಕ್ಕೆ ಎಂಟು ಸಲವೂ ಋತುವಾಗದಿದ್ದರೆ, ಹುಡುಗಿಯು ದಪ್ಪಗಿರಲಿ ಸಪೂರವಾಗಿರಲಿ, ವೈದ್ಯನಿಗೆ ತೋರಿಸತಕ್ಕದ್ದು.